ಪ್ಲಗ್ಗಿನ ಯಾವ ತುದಿ ಒದ್ದೆ?

ಪ್ರಶ್ನೆ: ನನ್ನ ಊರು ಕುಂಬಳೆ, ಕೆಲಸ ಶಾರ್ಜಾದಲ್ಲಿ. ಮೂರು ವರ್ಷದ ಹಿಂದೆ ಆಸೆಪಟ್ಟು 2007ರ ಪೋರ್ಷೆ ಬಾಕ್ಸ್‌ಸ್ಟರ್ (2.7 ಲೀಟರ್) ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ವರ್ಷಕ್ಕೆ ಒಂದೂವರೆ ತಿಂಗಳು ಮಾತ್ರ ಓಡುತ್ತದೆ, ಉಳಿದಂತೆ ಶೆಡ್ಡಿನಲ್ಲಿ. ಈ ಸಲ ಬಂದು ಸ್ಟಾರ್ಟ್ ಮಾಡಿದಾಗ ಹೊಗೆ ಬಂತು. ಈಗ ಮಿಸ್ಸಿಂಗ್ (ಎಂಜಿನ್ ನಡುನಡುವೆ ಪೆಟ್ಟು ತಪ್ಪುವುದು) ಉಂಟು, ನಿಲ್ಲಿಸಿದ ಮೇಲೆ ಎಣ್ಣೆ ಸುಟ್ಟ ವಾಸನೆ ಬರುತ್ತದೆ, ಅಡಿಕೆ ಒಣಗಿಸುವ ಅಂಗಳದಲ್ಲಿ ಎಣ್ಣೆ ಕಲೆಯೂ ಬಿದ್ದಿದೆ. ಒಂದು ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು) ಬಿಚ್ಚಿದರೆ ಅದರ ರಬ್ಬರ್ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ತಂದೆಯವರು "ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು" ಎನ್ನುತ್ತಾರೆ. ರಜೆ ಇನ್ನು ಹದಿನೆಂಟು ದಿನ ಉಂಟು. ಇದನ್ನು ಮನೆಯಲ್ಲೇ ನಾನೇ ಸರಿ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಮೊದಲು ನಿಮ್ಮ ತಂದೆಯವರ ಮಾತಿಗೆ ಉತ್ತರ ಕೊಡಬೇಕು. ಅವರು ಸುಮ್ಮನೆ ಹೇಳಿದ್ದಲ್ಲ.

ನಮ್ಮ ಕಡೆ ಎಂಜಿನ್ ಕಲಿತ ಹೆಚ್ಚಿನವರು ಕಲಿತದ್ದು ತೋಟದಲ್ಲಿ. ಆಟಿಯ ಮಳೆಗೆ ಮೊದಲು ಅಡಿಕೆಗೆ ಬೋರ್ಡೋ ಮದ್ದು ಬಿಡುವಾಗ ಪಂಪಿನ ಎಂಜಿನ್ ಕೈಕೊಟ್ಟರೆ, ಮದ್ದು ಬಿಡುವವರು ಮರದ ತುದಿಯಲ್ಲಿ ಕಾಯುತ್ತಿರುವಾಗಲೇ ಪ್ಲಗ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಹಾಕಿ ಹಗ್ಗ ಎಳೆಯುವುದು. ನಾನು ಬದಿಯಡ್ಕದಲ್ಲಿ ಗ್ಯಾರೇಜು ಹಾಕುವ ಮೊದಲು ಅದನ್ನೇ ಮಾಡಿದವ. ಆ ಎಂಜಿನ್‌ನಲ್ಲಿ ಪ್ಲಗ್ಗು ಹೊರಗಡೆ, ಗಾಳಿಯಲ್ಲಿ ನಿಂತಿರುತ್ತದೆ. ಅದಕ್ಕೆ ಎಣ್ಣೆ ಹತ್ತಬೇಕಾದರೆ ಸಿಲಿಂಡರಿನ ಒಳಗಿಂದಲೇ ಹತ್ತಬೇಕು, ಬೇರೆ ದಾರಿ ಇಲ್ಲ. ನಾಲ್ಕು ಸ್ಟ್ರೋಕಿನ ಪಂಪ್ ಎಂಜಿನ್‌ನಲ್ಲಿ ಪ್ಲಗ್ಗಿಗೆ ಎಣ್ಣೆ ಎಂದರೆ ಹೆಚ್ಚಾಗಿ ರಿಂಗ್, ಅಂದರೆ ಪಿಸ್ಟನ್ನಿನ ಸುತ್ತ ಎಣ್ಣೆ ತಡೆಯುವ ಬಳೆ, ಹೋಗಿದೆ ಎಂದೇ ಅರ್ಥ. ಹಾಗಾಗಿ ತಂದೆಯವರ ಲೆಕ್ಕ ಆ ಎಂಜಿನ್‌ಗೆ ಸರಿ.

ನಿಮ್ಮ ಕಾರಿನಲ್ಲಿ ಪ್ಲಗ್ಗು ಗಾಳಿಯಲ್ಲಿ ಇಲ್ಲ, ಒಂದು ಕೊಳವೆಯ ತಳದಲ್ಲಿದೆ. ಆ ಕೊಳವೆ, ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳು ಎಣ್ಣೆಯಲ್ಲಿ ಮಿಂದು ತಿರುಗುವ ಜಾಗವನ್ನು ತೂರಿಕೊಂಡು ಹೋಗುತ್ತದೆ. ಸುತ್ತ ಎಣ್ಣೆ, ನಡುವೆ ಒಣ ಕೊಳವೆ, ಅದರ ತಳದಲ್ಲಿ ಪ್ಲಗ್ಗು. ಬಾವಿಯ ರಿಂಗಿನ ಸಂದಿನಲ್ಲಿ ಹೊರಗಿನ ನೀರು ಒಸರಿ ಬರುವ ಹಾಗೆ ಇಲ್ಲಿ ಎಣ್ಣೆ ಒಳಗೆ ಒಸರುತ್ತದೆ. ಅಂದರೆ ಪ್ಲಗ್ಗಿಗೆ ಎಣ್ಣೆ ಹತ್ತಲು ಈ ಎಂಜಿನ್‌ನಲ್ಲಿ ಎರಡು ದಾರಿ. ಕೆಳತುದಿ, ಅಂದರೆ ಕಿಡಿ ಹಾರುವ ತುದಿ ಒದ್ದೆಯಾಗಿದ್ದರೆ ಎಣ್ಣೆ ಬಂದದ್ದು ಸಿಲಿಂಡರಿನಿಂದ. ಮೇಲಿನ ಬಿಳಿ ಪಿಂಗಾಣಿ ಮತ್ತು ಕಾಯಿಲಿನ ರಬ್ಬರ್ ಒದ್ದೆಯಾಗಿ, ಕಿಡಿಯ ತುದಿ ಒಣಗಿ ಕಂದು ಬಣ್ಣದಲ್ಲಿದ್ದರೆ ಎಣ್ಣೆ ಕೊಳವೆಯ ಸೀಲಿನಿಂದ ಬಂದದ್ದು. ಮೊದಲನೆಯದು ಎಂಜಿನ್ ಇಳಿಸುವ ಕೆಲಸ, ಎರಡನೆಯದು ಹನ್ನೆರಡು ರಬ್ಬರ್ ಉಂಗುರಗಳ ಕೆಲಸ. ನೀವು ಕಾಯಿಲಿನ ರಬ್ಬರ್ ಒದ್ದೆ ಎಂದು ಬರೆದಿದ್ದೀರಿ, ಪ್ಲಗ್ಗಿನ ತುದಿಯ ಬಗ್ಗೆ ಏನೂ ಬರೆದಿಲ್ಲ. ಅದನ್ನು ನೋಡದೆ ಯಾರೂ ತೀರ್ಪು ಕೊಡಬಾರದು.

ಇನ್ನು ಹೊಗೆಯ ವಿಷಯ. ಈ ಎಂಜಿನ್‌ನಲ್ಲಿ ಆರು ಸಿಲಿಂಡರ್, ಮೂರು ಬಲಕ್ಕೆ, ಮೂರು ಎಡಕ್ಕೆ, ಎಲ್ಲವೂ ನೆಲಕ್ಕೆ ಸಮನಾಗಿ ಮಲಗಿವೆ. ತಿಂಗಳುಗಟ್ಟಲೆ ನಿಂತಾಗ ಸ್ವಲ್ಪ ಎಣ್ಣೆ ರಿಂಗಿನ ಸಂದಿನಲ್ಲಿ ಜಾರಿ ಸಿಲಿಂಡರಿನೊಳಗೆ ಕೂರುವುದು ಮಲಗಿದ ಎಂಜಿನ್‌ಗಳ ಹುಟ್ಟುಗುಣ. ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷ ನೀಲಿ ಹೊಗೆ ಬಂದು ನಿಂತರೆ ಅದನ್ನು ರಿಂಗಿನ ಖಾತೆಗೆ ಬರೆಯಬೇಡಿ. ಇದೇ ಕಾರಣಕ್ಕೆ, ಹತ್ತು ತಿಂಗಳು ನಿಂತ ಕಾರಿನ ಪ್ಲಗ್ಗನ್ನು ಕೂಡಲೇ ಬಿಚ್ಚಿ ನೋಡಿದರೆ ಕೆಳತುದಿಯೂ ಒದ್ದೆ ಕಂಡು ಮೋಸ ಹೋಗುತ್ತೀರಿ. ಕಾರು ಸ್ವಲ್ಪ ಓಡಿರಬೇಕು, ಆಮೇಲೆ ಇಡೀ ರಾತ್ರಿ ತಣಿದಿರಬೇಕು, ಆಗ ಬಿಚ್ಚಿ ನೋಡಿ. ಆದರೆ ಡ್ಯಾಶ್‌ಬೋರ್ಡಿನ ಎಂಜಿನ್ ಲೈಟ್ ಮಿಣಮಿಣ ಹೊಡೆಯುತ್ತಿದ್ದರೆ ಓಡಿಸಲೇಬೇಡಿ. ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಟ್ಟು ಅದನ್ನು ಹಾಳು ಮಾಡುತ್ತದೆ. ಸಣ್ಣ ಸ್ಕ್ಯಾನರ್ ಸಿಕ್ಕಿದರೆ ಒಳ್ಳೆಯದು. ಪಿ 0301ರಿಂದ ಪಿ 0306ರವರೆಗಿನ ಕೋಡ್‌ಗಳಲ್ಲಿ ಕೊನೆಯ ಅಂಕೆಯೇ ಮಿಸ್ಸಿಂಗ್ ಇರುವ ಸಿಲಿಂಡರಿನ ನಂಬರು.

ಬೋರ್ ಮಾಡಿಸುವ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸುವ ಮಾತಂತೂ ಬಿಟ್ಟುಬಿಡಿ. ಈ ಎಂಜಿನ್‌ನ ಸಿಲಿಂಡರ್ ಗೋಡೆ ಬೀಡುಕಬ್ಬಿಣದ್ದಲ್ಲ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ. ಪಂಪಿನ ಸಿಲಿಂಡರನ್ನು ಲೇತಿಗೆ ಕೊಟ್ಟು ಓವರ್‌ಸೈಜ್ ಪಿಸ್ಟನ್ ಹಾಕಿದ ಹಾಗೆ ಇದನ್ನು ಮಾಡಲಾಗುವುದಿಲ್ಲ.

ಈಗ ಸೀಲಿಗೆ ಬರೋಣ. ಪ್ರತಿ ಕೊಳವೆಗೂ ಎರಡು ಓ-ರಿಂಗ್, ಅಂದರೆ ಆ ರಬ್ಬರ್ ಉಂಗುರ. ಒಂದು ಹೊರತುದಿಯಲ್ಲಿ, ಕ್ಯಾಮ್‌ಶಾಫ್ಟಿನ ಮುಚ್ಚಳದ ಹತ್ತಿರ. ಇನ್ನೊಂದು ಒಳತುದಿಯಲ್ಲಿ, ಹೆಡ್ಡಿನೊಳಗೆ (ಹೆಡ್ ಎಂದರೆ ಸಿಲಿಂಡರಿನ ತುದಿ ಮುಚ್ಚುವ ಭಾಗ). ಹೊರಗಿನದು ಸೋತರೆ ಎಣ್ಣೆ ಹೊರಗೆ ಇಳಿದು ನೇರ ಸೈಲೆನ್ಸರಿನ ಬಿಸಿ ಕೊಳವೆಗಳ ಮೇಲೆ ಬೀಳುತ್ತದೆ. ಈ ಎಂಜಿನ್‌ನಲ್ಲಿ ಅವು ಹೆಡ್ಡಿನ ಅಡಿಯಲ್ಲೇ ಇವೆ. ನಿಮಗೆ ಬರುವ ಸುಟ್ಟ ವಾಸನೆ ಅದರದ್ದೇ ಇರಬೇಕು. ಇದು ಬರೀ ವಾಸನೆಯ ಪ್ರಶ್ನೆಯೂ ಅಲ್ಲ, ಬಿಸಿ ಲೋಹದ ಮೇಲೆ ಎಣ್ಣೆ ಬೀಳುತ್ತಾ ಇದ್ದರೆ ಬೆಂಕಿಯ ಭಯವೂ ಉಂಟು. ಒಳಗಿನ ಓ-ರಿಂಗ್ ಸೋತರೆ, ಇಲ್ಲವೇ ಪ್ಲಾಸ್ಟಿಕ್ಕಿನ ಕೊಳವೆಯೇ ಬಿರುಕು ಬಿಟ್ಟರೆ, ಎಣ್ಣೆ ಕೊಳವೆಯೊಳಗೆ ಸೇರಿ ಕಾಯಿಲನ್ನು ನೆನೆಸುತ್ತದೆ. ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗಿ ಉಬ್ಬುತ್ತದೆ. ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ರಬ್ಬರಿನ ಪಕ್ಕದಿಂದ ಲೋಹಕ್ಕೆ ಹಾರಿಬಿಡುತ್ತದೆ. ನಿಮ್ಮ ಮಿಸ್ಸಿಂಗ್ ಅದು. ನಿಮಗೆ ಎರಡೂ ಲಕ್ಷಣ ಇರುವುದರಿಂದ ಎರಡೂ ಸಾಲು ಓ-ರಿಂಗ್ ಮುಗಿದಿವೆ ಎಂದು ನನ್ನ ಅಂದಾಜು. ಅಷ್ಟು ಹಳೆಯ ರಬ್ಬರ್, ಅದೂ ವರ್ಷದಲ್ಲಿ ಹತ್ತು ತಿಂಗಳು ಒಂದೇ ಭಂಗಿಯಲ್ಲಿ ಒತ್ತಿಕೊಂಡು ಕೂತದ್ದು. ತೆಗೆದು ನೋಡಿದರೆ ಉಂಗುರ ದುಂಡಗೆ ಇರುವುದಿಲ್ಲ, ಚಪ್ಪಟೆಯಾಗಿರುತ್ತದೆ, ಉಗುರು ಒತ್ತಿದರೆ ತಗ್ಗುವುದೂ ಇಲ್ಲ.

ಕೈ ಹಾಕುವ ಮೊದಲು ಸೋರುವ ಜಾಗ ಇದೇ ಹೌದೋ ಎಂದು ಖಚಿತ ಮಾಡಿಕೊಳ್ಳಿ. ಎಂಜಿನ್ ತಣ್ಣಗಿರುವಾಗ ಆ ಭಾಗವನ್ನು ಒರೆಸಿ ಒಣಗಿಸಿ, ಮಕ್ಕಳಿಗೆ ಹಾಕುವ ಪೌಡರನ್ನು ತೆಳ್ಳಗೆ ಹಾರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದರೆ ಬಿಳಿಯ ಮೇಲೆ ಎಣ್ಣೆಯ ದಾರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಕಾಯಿಲ್‌ಗಳ ಬುಡದಿಂದ ಗೆರೆ ಹೊರಟರೆ ಕೆಲಸ ನಿಮ್ಮದು. ಮುಚ್ಚಳದ ಅಂಚಿನಿಂದ ಹೊರಟರೆ ನಿಮ್ಮದಲ್ಲ. ಸಾಮಾನ್ಯ ಕಾರುಗಳಲ್ಲಿ ಮುಚ್ಚಳ ಬಿಚ್ಚಿ ಪ್ಯಾಕಿಂಗ್ ಬದಲಿಸುವುದು ಅರ್ಧ ದಿನದ ಕೆಲಸ. ಇಲ್ಲಿ ಹಾಗಲ್ಲ, ಮುಚ್ಚಳ ಕ್ಯಾಮ್‌ಶಾಫ್ಟನ್ನೂ ಹಿಡಿದುಕೊಂಡಿರುತ್ತದೆ, ಅದನ್ನು ಬಿಚ್ಚುವ ಮೊದಲು ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು) ತಪ್ಪದ ಹಾಗೆ ಲಾಕ್ ಮಾಡುವ ಸಲಕರಣೆ ಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿನಿಂದ ಹನಿ ಬಿದ್ದರೂ ಅಷ್ಟೇ, ಅದು ಗೇರ್‌ಬಾಕ್ಸ್ ಇಳಿಸುವ ಕೆಲಸ.

ಸಾಮಾನು ಮೊದಲು ತರಿಸಿ, ಆಮೇಲೆ ಕಾರು ಬಿಚ್ಚಿ. ಕೊಚ್ಚಿಗಾಗಲಿ ಬೆಂಗಳೂರಿಗಾಗಲಿ ಇಲ್ಲಿಂದ ಸುಮಾರು 400 ಕಿಲೋಮೀಟರ್, ಬಿಚ್ಚಿದ ಕಾರನ್ನು ಇಟ್ಟುಕೊಂಡು ಪಾರ್ಸೆಲ್ ಕಾಯುವುದು ಸುಖವಲ್ಲ. ಬೇಕಾದದ್ದು ಹನ್ನೆರಡು ಓ-ರಿಂಗ್ (ಆರು ಹೊರಗಿನವು, ಆರು ಒಳಗಿನವು, ಅಳತೆ ಬೇರೆ ಬೇರೆ), ಆರು ಕೊಳವೆ, ಆರು ಪ್ಲಗ್ಗು. ಕೊಳವೆ ಯಾಕೆ ಎಂದು ಕೇಳಬೇಡಿ, ಹಳೆಯ ಪ್ಲಾಸ್ಟಿಕ್ ಎಳೆಯುವಾಗ ಒಂದಾದರೂ ಒಡೆಯುತ್ತದೆ. ಕಾಯಿಲ್ ಮಾತ್ರ ಆರನ್ನೂ ಒಟ್ಟಿಗೆ ತರಿಸಬೇಡಿ. ಬಿಚ್ಚಿದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಮೈಯಲ್ಲಿ ಕೂದಲೆಳೆಯ ಬಿರುಕು ಇದ್ದದ್ದನ್ನು, ರಬ್ಬರ್ ಉಬ್ಬಿದ್ದನ್ನು ಮಾತ್ರ ಬದಲಿಸಿ.

ಅಂಗಡಿಯ ಓ-ರಿಂಗ್ ಬಗ್ಗೆ ಒಂದು ಮಾತು. ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಪಂಪ್‌ಸೆಟ್ಟಿನ ಅಂಗಡಿಗೆ ಹೋಗಿ ಅಳತೆ ಕೊಟ್ಟರೆ ಕಣ್ಣಿಗೆ ಅದೇ ಎನಿಸುವ ಓ-ರಿಂಗ್ ಸಿಗುತ್ತದೆ. ಅದು ಹೆಚ್ಚಾಗಿ ನೈಟ್ರೈಲ್ ರಬ್ಬರ್. ಎಣ್ಣೆಗೆ ಅದು ಜಗ್ಗುವುದಿಲ್ಲ, ಆದರೆ 100 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ದಿನಾ ಬೆಂದರೆ ಗಟ್ಟಿಯಾಗುತ್ತದೆ. ವೈಟಾನ್ ಎಂಬ ಹೆಸರಿನಲ್ಲಿ ಸಿಗುವ ಫ್ಲೋರೋ ರಬ್ಬರ್ 200 ಡಿಗ್ರಿಯವರೆಗೂ ತಾಳುತ್ತದೆ. ಸರಿಯಾದ ಪಾರ್ಟ್ ತರಿಸುವುದೇ ಉತ್ತಮ. ಹನ್ನೆರಡು ಉಂಗುರಕ್ಕೆ ಆಗುವ ಖರ್ಚು ಈ ಇಡೀ ಕೆಲಸದಲ್ಲಿ ಅತಿ ಸಣ್ಣದು, ಜನ ಉಳಿಸಲು ಹೋಗುವುದು ಮಾತ್ರ ಅಲ್ಲೇ.

ಈ ಕಾರಿನ ಮುಂದಿನ ಬಾನೆಟ್ ಎತ್ತಿದರೂ ಡಿಕ್ಕಿ, ಹಿಂದಿನದು ಎತ್ತಿದರೂ ಡಿಕ್ಕಿ, ಎಂಜಿನ್ ನಡುವೆ ಅಡಗಿದೆ. ಆದರೆ ಪ್ಲಗ್ಗುಗಳು ಅದರ ಎರಡೂ ಪಕ್ಕದಲ್ಲಿರುವುದರಿಂದ ಹಿಂದಿನ ಚಕ್ರ ತೆಗೆದರೆ ಪಕ್ಕದಿಂದಲೂ ಕೆಳಗಿನಿಂದಲೂ ಕೈಗೆ ಸಿಗುತ್ತವೆ. ಹಾಗಾಗಿ ಕಾರನ್ನು ಎತ್ತಲೇಬೇಕು. ಸುಮಾರು 1300 ಕಿಲೋ ತೂಕ. ಜಾಕಿ ಎತ್ತುವುದಕ್ಕೆ ಮಾತ್ರ, ಹಿಡಿದುಕೊಳ್ಳುವುದಕ್ಕೆ ಉಕ್ಕಿನ ಸ್ಟ್ಯಾಂಡ್ ಬೇಕು. ನಮ್ಮಲ್ಲಿ ಎಲ್ಲದಕ್ಕೂ ಮುರಕಲ್ಲು ಒಂದು ಸಿಗುತ್ತದಲ್ಲ, ಅದನ್ನು ಅಡಿಗಿಟ್ಟು ಕಾರಿನ ಕೆಳಗೆ ನುಸುಳುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಕಲ್ಲು ಒಂದೇ ಬಿಂದುವಿನ ಭಾರಕ್ಕೆ ಸಿಡಿದು ಪುಡಿಯಾಗುತ್ತದೆ. ಸೆಗಣಿ ಸಾರಿಸಿದ ಅಂಗಳವೂ ಬೇಡ, ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಸಿಮೆಂಟ್ ನೆಲ ಇರುವ ಕಡೆಗೆ ಕಾರನ್ನು ತಳ್ಳಿ.

ಎಂಜಿನ್ ಪೂರ್ತಿ ತಣಿದಿರಬೇಕು. ಕಾರಿನ ಕೀ ನಿಮ್ಮ ಕಿಸೆಯಲ್ಲೇ ಇರಲಿ. ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕ, ಒಂದು ಸಿಲಿಂಡರ್ ಮುಗಿಸಿ ಇನ್ನೊಂದು ಸಿಲಿಂಡರ್. ಕೈಗೆ ಸುಲಭವಾಗಿ ಸಿಗುವುದರಿಂದ ಶುರು ಮಾಡಿ. ಕಷ್ಟದ್ದನ್ನು ಮಾಡುವ ಹೊತ್ತಿಗೆ ಕೈಗೆ ಅಭ್ಯಾಸವಾಗಿರುತ್ತದೆ. ಸುತ್ತಲಿನ ಮಣ್ಣು ಧೂಳನ್ನು ಮೊದಲು ಒರೆಸಿ ತೆಗೆಯಿರಿ, ಕೆಳಗೆ ಒಂದು ಅಗಲದ ಬೋಗುಣಿ ಇಡಿ. ಕಾಯಿಲಿನ ವೈರ್ ಕ್ಲಿಪ್ ಬಿಸಿಗೆ ಒಣಗಿ ಹಪ್ಪಳದ ಹಾಗಾಗಿರುತ್ತದೆ, ಎಳೆಯದೆ ಒತ್ತಿ ಬಿಡಿಸಿ. ಎರಡು ಬೋಲ್ಟ್ ಬಿಚ್ಚಿದರೆ ಕಾಯಿಲ್ ಹೊರಗೆ.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕೊಳವೆಯಲ್ಲಿ ಎಣ್ಣೆ ಇರುವಾಗಲೇ ಪ್ಲಗ್ ಬಿಚ್ಚಿದರೆ ಆ ಎಣ್ಣೆ, ಅದರ ಜೊತೆಗಿನ ಕೊಳೆ ಎಲ್ಲ ಸಿಲಿಂಡರಿಗೆ ಹೋಗುವ ದಾರಿ ತೆರೆದ ಹಾಗೆ. ಪ್ಲಗ್ಗು ಅಲ್ಲೇ ಬೂಚಿನ ಹಾಗೆ ಇರಲಿ. ಉದ್ದ ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ಎಣ್ಣೆಯನ್ನೆಲ್ಲ ಹೀರಿಸಿ. ಆಮೇಲೆ ಪ್ಲಗ್ಗು ಇರುವಾಗಲೇ ಕೊಳವೆಯನ್ನು ಎಳೆಯಿರಿ.

ಎಳೆಯುವುದು ಹೇಗೆ? ಒಳಗೆ ಹೋಗಿ ಹಿಗ್ಗುವ ಪುಲ್ಲರ್ ಸಿಗುತ್ತದೆ. ಇಲ್ಲವಾದರೆ ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದು ಬೋಲ್ಟಿಗೆ ವಾಷರ್, ಅದರ ಮೇಲೆ ಕೊಳವೆಯೊಳಗೆ ಸಲೀಸಾಗಿ ಹೋಗುವ ದಪ್ಪ ರಬ್ಬರಿನ ತುಂಡು, ಮತ್ತೊಂದು ವಾಷರ್, ನಟ್ಟು. ಕೊಳವೆಯೊಳಗಿಟ್ಟು ನಟ್ಟು ಬಿಗಿದರೆ ರಬ್ಬರ್ ಉಬ್ಬಿ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಬೋಲ್ಟಿನ ತಲೆ ಪ್ಲಗ್ಗಿನ ಪಿಂಗಾಣಿಗೆ ತಾಗದಷ್ಟು ಆಳಕ್ಕೆ ಮಾತ್ರ ಇಳಿಸಿ. ಮೊದಲು ಎಡಕ್ಕೆ ಬಲಕ್ಕೆ ತಿರುಗಿಸಿ, ಹಳೆಯ ಓ-ರಿಂಗ್ ತನ್ನ ಹಿಡಿತ ಬಿಡುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ನೇರ ಎಳೆಯಿರಿ. ಬರುವಾಗ ಒಳಗೆ ನಿಂತಿದ್ದ ಎಣ್ಣೆಯೂ ಸುರಿಯುತ್ತದೆ, ಗಾಬರಿ ಬೇಡ, ಬೋಗುಣಿ ಇಟ್ಟದ್ದು ಅದಕ್ಕೇ. ಕೊಳವೆ ಬಂದ ಮೇಲೆ ಅದರ ಜೊತೆ ಎರಡೂ ಓ-ರಿಂಗ್ ಬಂದವೋ ಎಣಿಸಿ. ಒಳಗಿನ ಓ-ರಿಂಗ್ ಹೆಡ್ಡಿನಲ್ಲೇ ಅಂಟಿಕೊಂಡಿದ್ದರೆ ಹೊಸದು ಅದರ ಮೇಲೆ ಕೂರುವುದಿಲ್ಲ. ಅದನ್ನು ಮರದ ಕಡ್ಡಿಯಿಂದ ಬಿಡಿಸಿ, ಸ್ಕ್ರೂಡ್ರೈವರಿನಿಂದ ಬೇಡ. ಅಲ್ಯೂಮಿನಿಯಮ್ಮಿನಲ್ಲಿ ಒಂದು ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ.

ಎಲ್ಲ ಒರೆಸಿ ಒಣಗಿದ ಮೇಲೆ ಪ್ಲಗ್ ಬಿಚ್ಚಿ. 16 ಮಿಲಿಮೀಟರ್ ಸಾಕೆಟ್. ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ನಂಬರು ಬರೆದ ಕಾಗದದ ಮೇಲೆ ಸಾಲಾಗಿ ಇಡಿ. ಹೊಸ ಪ್ಲಗ್ಗಿನ ಹಿಂತುದಿಗೆ ಒಂದು ಗೇಣು ಪೆಟ್ರೋಲ್ ಪೈಪ್ ಸಿಕ್ಕಿಸಿ, ಮದ್ದಿನ ಪಂಪಿನದೇ ಸಾಕು, ಪೈಪಿನಿಂದಲೇ ತಿರುಗಿಸಿ ಹಾಕಿ. ಥ್ರೆಡ್ ಓರೆಯಾಗಿ ಹಿಡಿದರೆ ಪೈಪು ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ರಾಚೆಟ್ ಹಾಕಿದ್ದರೆ ಅದು ಜಾರದೆ ಹೆಡ್ಡಿನ ಥ್ರೆಡ್ ತಿಂದು ಹಾಕುತ್ತಿತ್ತು. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್, 30 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ, ಗ್ರೀಸ್ ಇದ್ದರೆ ರೆಂಚ್ 30 ಎಂದು ತೋರಿಸುವಾಗ ನಿಜವಾದ ಬಿಗಿತ ಅದಕ್ಕಿಂತ ಹೆಚ್ಚಾಗಿರುತ್ತದೆ.

ಆಮೇಲೆ ಹೊಸ ಕೊಳವೆಗೆ ಓ-ರಿಂಗ್ ತೊಡಿಸಿ, ಎರಡಕ್ಕೂ ಹೊಸ ಎಂಜಿನ್ ಎಣ್ಣೆ ಸವರಿ, ಓರೆಯಾಗದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಕೂರಿಸಿ. ಒಣ ಓ-ರಿಂಗ್ ಒತ್ತಿದರೆ ಮಡಚಿಕೊಂಡು ಹರಿಯುತ್ತದೆ. ಪೇಸ್ಟ್ ಹಚ್ಚಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಓ-ರಿಂಗ್ ತನ್ನ ತೋಡಿನಲ್ಲಿ ಒತ್ತಿಕೊಂಡೇ ಹಿಡಿಯುವ ವಸ್ತು, ಸಿಲಿಕಾನ್ ಪೇಸ್ಟ್ ಅದನ್ನು ಜಾರಿಸುತ್ತದೆ. ಒಳಗೆ ಹಿಂಡಿ ಬಂದ ಪೇಸ್ಟ್ ಎಣ್ಣೆಯ ಜೊತೆ ಹೋಗಿ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡರೆ ಅದು ಇನ್ನೊಂದು ಕಥೆ.

ಈ ಪಾಠ ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಗ್ಯಾರೇಜು ಶುರು ಮಾಡಿದ ಹೊಸದರಲ್ಲಿ ಒಂದು ಮಾಮೂಲಿ ನಾಲ್ಕು ಸಿಲಿಂಡರಿನ ಕಾರು ಇದೇ ದೂರಿನಲ್ಲಿ ಬಂತು. ಮುಚ್ಚಳದ ಸುತ್ತಲಿನ ಪ್ಯಾಕಿಂಗ್ ಹೊಸತು ಹಾಕಿದೆ, ಮೇಲಿನಿಂದ ಪೇಸ್ಟನ್ನೂ ಧಾರಾಳ ಹಚ್ಚಿದೆ. ನಡುವೆ ಪ್ಲಗ್ಗಿನ ಕೊಳವೆಗೆ ನಾಲ್ಕು ದುಂಡು ಸೀಲ್ ಉಂಟಲ್ಲ, ಅವನ್ನು ಮುಟ್ಟಲೇ ಇಲ್ಲ. ಎಂಟನೇ ದಿನ ಕಾರು ವಾಪಸು. ಆಗ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು: ಮುಚ್ಚಳದ ಬೋಲ್ಟನ್ನು ಮತ್ತೆ ಬಿಗಿದೆ. ಬೋಲ್ಟಿನ ತಲೆ ಕೈಗೆ ಬಂತು. ಸೋರುವ ರಬ್ಬರಿಗೆ ಬಿಗಿ ಮದ್ದಲ್ಲ ಎಂದು ಗಟ್ಟಿಯಾದದ್ದು ಆ ದಿನ. ಓದುವವರಲ್ಲಿ ಮಾಮೂಲಿ ಕಾರು ಇದ್ದವರಿಗೂ ಇದೇ ಮಾತು: ಹೊರಗಿನ ಪ್ಯಾಕಿಂಗ್ ಬದಲಿಸಿದರೆ ನಡುವಿನ ಸೀಲುಗಳನ್ನೂ ಬದಲಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕಾಯಿಲಿನ ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ಒಣಬಟ್ಟೆ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್, ಪೂರ್ತಿ ಒಣಗಿದ ಮೇಲೆ ಹಾಕುವುದು. ವೈರಿಗೆ ಇಲಿ ಬಾಯಿ ಹಾಕಿದೆಯೋ ಅದನ್ನೂ ನೋಡಿ. ಮಳೆಗಾಲದಲ್ಲಿ ನಿಂತ ಕಾರಿನಷ್ಟು ಬೆಚ್ಚಗಿನ ಮನೆ ಇಲಿಗೆ ಬೇರೆ ಸಿಗುವುದಿಲ್ಲ. ಚಕ್ರದ ಬೋಲ್ಟಿಗೆ 130 ನ್ಯೂಟನ್ ಮೀಟರ್.

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಬಾಕಿ ಉಂಟು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆಯಲು ನೋಡಿ. ಸ್ವಲ್ಪ ಎಳೆತ ಇರುವುದು ಸರಿ. ಒಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ ಮುಚ್ಚಳ ಏಳುವುದೇ ಇಲ್ಲವಾದರೆ, ಬಿಸಿಯಾದ ಮೇಲೂ ಬಿಳಿ ಹೊಗೆ ರಾಶಿ ರಾಶಿ ಬಂದರೆ, ಎಂಜಿನ್ನಿನ ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಸೆಪರೇಟರಿನ ಪೊರೆ ಹರಿದಿದೆ. ತದ್ವಿರುದ್ಧವಾಗಿ ಮುಚ್ಚಳದಿಂದ ಗಾಳಿ ಹೊರಗೆ ನೂಕಿದರೆ ಆ ದಾರಿ ಕಟ್ಟಿದೆ, ಒಳಗಿನ ಒತ್ತಡ ನಿಮ್ಮ ಹೊಸ ಓ-ರಿಂಗನ್ನೂ ಸೋಲಿಸುತ್ತದೆ. ಮುಚ್ಚಳದ ಅಡಿಯಲ್ಲಿ ಬೆಣ್ಣೆಯ ಹಾಗೆ ಬಿಳಿ ಕೆಸರು ಇದ್ದರೆ, ನಮ್ಮ ಕರಾವಳಿಯ ತೇವದಲ್ಲಿ ನಿಂತ ಕಾರಿಗೆ ಅದು ಹೆಚ್ಚಾಗಿ ಎಣ್ಣೆಗೆ ಸೇರಿದ ನೀರಿನ ಪಸೆ. ಎಣ್ಣೆ ಬದಲಿಸಿ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ಕೂಲೆಂಟಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಬೇರೆ ಚಿಂತೆ.

ಮಂಜೇಶ್ವರದವರೆಗೆ ಹೋಗಿ ಬಂದು, ಕೆಳಗೆ ಒಂದು ರಟ್ಟು ಹಾಸಿ ರಾತ್ರಿ ನಿಲ್ಲಿಸಿ. ಮೊದಲ ಒಂದೆರಡು ಸಲ ಸುಟ್ಟ ವಾಸನೆ ಬರುತ್ತದೆ, ಹಳೆಯ ಎಣ್ಣೆ ಸೈಲೆನ್ಸರಿನ ಮೇಲೆ ಸುಟ್ಟು ಹೋಗುವುದು. ಮೂರನೇ ದಿನವೂ ಬಂದರೆ ಮತ್ತೆ ಪೌಡರ್ ಹಾರಿಸಿ ನೋಡಿ.

ಸಮಯ ಎಷ್ಟು ಎಂದರೆ, ಮೊದಲ ಸಲಕ್ಕೆ ಎರಡು ದಿನ ಇಟ್ಟುಕೊಳ್ಳಿ, ಪಕ್ಕಕ್ಕೊಂದು ದಿನ. ಹದಿನೆಂಟು ದಿನದಲ್ಲಿ ಪಾರ್ಸೆಲ್ ಬರುವುದಕ್ಕೂ ಸಮಯ ಉಂಟು. ಬಿಚ್ಚಿದ ಆರು ಪ್ಲಗ್ಗನ್ನು ಕಾಗದದ ಮೇಲೆ ಇಟ್ಟ ಹಾಗೆಯೇ ತಂದೆಯವರನ್ನು ಕರೆದು ತೋರಿಸಿ. ಅವರ ಕಣ್ಣು ನನ್ನದಕ್ಕಿಂತ ಹಳೆಯದು. ಆರರಲ್ಲಿ ಒಂದರ ಕೆಳತುದಿಯಾದರೂ ಎಣ್ಣೆಯಲ್ಲಿ ಮಸಿಯಾಗಿ ಒದ್ದೆಯಿದ್ದರೆ ಅವರು ಹೇಳಿದ್ದೇ ಸರಿ ಎಂದಾಗಬಹುದು. ಆಗ ಆ ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಅಳೆಸಿ, ಅಂಕೆ ಬರೆದು ಕಳಿಸಿ.